ಗೂಗಲ್ ಅನಲಿಟಿಕ್ಸ್ 4: ಉಪ್ಪಿನಕಾಯಿ ಅಂಗಡಿಯ ಲೆಕ್ಕದವನೊಬ್ಬನ ವಿಮರ್ಶೆ

ಸಾಗರ, ಸಿರ್ಸಿ ಕಡೆಯ ಮನೆಗಳಲ್ಲಿ ತಯಾರಾಗುವ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ, ತೊಡದೇವುಗಳನ್ನು ಆನ್‌ಲೈನಿನಲ್ಲಿ ಮಾರುವ ಸಣ್ಣ ಸ್ಟಾರ್ಟಪ್ ಒಂದರಲ್ಲಿ ಅಂಕಿ ಅಂಶ ನೋಡಿಕೊಳ್ಳುವ ಕೆಲಸ ನನ್ನದು. ಹೊಸ ಗಿರಾಕಿಗಳು ಹೆಚ್ಚುತ್ತಿದ್ದಾರೆಯೆ, ಬಂದವರು ನಿಂತು ನೋಡುತ್ತಿದ್ದಾರೆಯೆ, ಒಮ್ಮೆ ಕೊಂಡವರು ಮತ್ತೆ ಬರುತ್ತಿದ್ದಾರೆಯೆ ಎಂಬ ಮೂರು ಪ್ರಶ್ನೆಗಳಿಗೆ ವಾರಕ್ಕೊಮ್ಮೆ ಉತ್ತರ ಕೊಡಬೇಕು. ಅದಕ್ಕೆ ನಾವು ಬಳಸುತ್ತಿರುವುದು ಗೂಗಲ್ ಅನಲಿಟಿಕ್ಸ್ 4, ಅಂದರೆ ಎಲ್ಲರೂ ಜಿಎ4 ಎಂದು ಕರೆಯುವ ಉಚಿತ ಸೇವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಎಚ್ಚರದಿಂದ ಓದಿದರೆ ಮೊದಲ ಪ್ರಶ್ನೆಗೆ ಇದು ಒಳ್ಳೆಯ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ, ಮೂರನೆಯದಕ್ಕೆ ಮಾತ್ರ ನಮ್ಮಂಥ ಅಂಗಡಿಯ ಮಟ್ಟಿಗೆ ದಾರಿ ತಪ್ಪಿಸುವ ಉತ್ತರ ಕೊಡುತ್ತದೆ. ಅದು ಸಾಧನದ ಕೆಟ್ಟತನದಿಂದಲ್ಲ. ಅದು ಎಣಿಸುವ ವಸ್ತುವೇ ಬೇರೆ, ನಮಗೆ ಬೇಕಾದ ವಸ್ತುವೇ ಬೇರೆ.

ಈ ಸಾಧನದ ಬೇರು ಅರ್ಚಿನ್ ಎಂಬ ಕಂಪನಿಯಲ್ಲಿದೆ. ಗೂಗಲ್ ಅದನ್ನು 2005ರಲ್ಲಿ ಕೊಂಡು ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಗಿರಾಕಿ ಎಲ್ಲಿಂದ ಬಂದರೆಂದು ತಿಳಿಯಲು ಜಾಹೀರಾತಿನ ಲಿಂಕ್‌ಗಳ ಬಾಲಕ್ಕೆ ಇಂದಿಗೂ ಅಂಟಿಸುವ ಯುಟಿಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲನೆಯದಾದ ಯು ಆ ಅರ್ಚಿನ್ (Urchin) ಹೆಸರಿನದೇ. ನಾಲ್ಕನೆಯ ಅವತಾರ 2020ರ ಅಕ್ಟೋಬರ್‌ನಲ್ಲಿ ಬಂತು. ಹಿಂದಿನ ಯೂನಿವರ್ಸಲ್ ಅನಲಿಟಿಕ್ಸ್‌ನ ಉಚಿತ ಆವೃತ್ತಿ 2023ರ ಜುಲೈ 1ರಿಂದ ಹೊಸ ಮಾಹಿತಿ ಸ್ವೀಕರಿಸುವುದನ್ನು ನಿಲ್ಲಿಸಿತು, ಒಂದು ವರ್ಷದ ನಂತರ ಅದರ ಹಳೆಯ ವರದಿಗಳಿಗೂ ಬಾಗಿಲು ಮುಚ್ಚಿತು. ಬಾಡಿಗೆ ಕೊಡದೆ ಕೂತ ಮನೆಯಿಂದ ಎದ್ದು ಹೋಗಲು ಒಂದು ದಿನ ಹೇಳಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಉಚಿತ ಸೇವೆಯನ್ನು ನೆಚ್ಚಿದ ಪ್ರತಿಯೊಬ್ಬರೂ ಆಗ ನೆನಪಿಸಿಕೊಂಡರು. ಹಳೆಯದು ಸೆಷನ್ (ಅಂದರೆ ಒಂದೊಂದು ಭೇಟಿ) ಮತ್ತು ಪುಟಗಳನ್ನು ಎಣಿಸುತ್ತಿದ್ದರೆ, ಜಿಎ4 ಎಲ್ಲವನ್ನೂ ಈವೆಂಟ್ ಎಂದು ಎಣಿಸುತ್ತದೆ: ಮೊದಲ ಭೇಟಿ ಒಂದು ಈವೆಂಟ್, ಪುಟ ತೆರೆದದ್ದು ಒಂದು ಈವೆಂಟ್, ಬುಟ್ಟಿಗೆ ಸಾಮಾನು ಹಾಕಿದ್ದು, ಹಣ ಕೊಟ್ಟದ್ದು, ಹಣ ಹಿಂತಿರುಗಿಸಿದ್ದು ಎಲ್ಲವೂ ಈವೆಂಟ್. ಪ್ರತಿ ಈವೆಂಟ್‌ಗೂ ಇಪ್ಪತ್ತೈದರವರೆಗೆ ವಿವರಗಳನ್ನು ಅಂಟಿಸಬಹುದು. ಈ ವಿನ್ಯಾಸ ಹಿಂದಿನದಕ್ಕಿಂತ ಖಂಡಿತ ಮೇಲು. ನಮ್ಮಲ್ಲಿ ಉಪ್ಪಿನಕಾಯಿಯ ಬಾಟಲಿ ಕಾಲು ಕಿಲೋದ್ದೋ ಒಂದು ಕಿಲೋದ್ದೋ ಎಂಬುದನ್ನೂ ಖರೀದಿಯ ಈವೆಂಟ್‌ಗೆ ಸೇರಿಸಿ ಕಳಿಸುತ್ತೇವೆ. ಅದು ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಮೊದಲು ಬೆಳವಣಿಗೆಯ ಮಾತು. ಹೊಸ ಬಳಕೆದಾರರ ಸಂಖ್ಯೆಯನ್ನು ಜಿಎ4 ಮೊದಲ ಭೇಟಿಯ ಈವೆಂಟ್‌ನಿಂದ ಲೆಕ್ಕ ಹಾಕುತ್ತದೆ, ಮತ್ತು ಮೊದಲ ಭೇಟಿ ಹೌದೋ ಅಲ್ಲವೋ ಎಂಬುದನ್ನು ಬ್ರೌಸರ್‌ನಲ್ಲಿ ತಾನು ಇಟ್ಟುಹೋದ ಕುಕಿಯನ್ನು, ಅಂದರೆ ಗುರುತಿನ ಸಣ್ಣ ಚೀಟಿಯನ್ನು, ನೋಡಿ ತೀರ್ಮಾನಿಸುತ್ತದೆ. ಆದ್ದರಿಂದ ಅದು ಎಣಿಸುವುದು ಮನುಷ್ಯರನ್ನಲ್ಲ, ಬ್ರೌಸರ್‌ಗಳನ್ನು. ನಮ್ಮ ಗಿರಾಕಿಯೊಬ್ಬರು ಇನ್‌ಸ್ಟಾಗ್ರಾಂನಲ್ಲಿ ಹಪ್ಪಳದ ವಿಡಿಯೊ ನೋಡಿ ಲಿಂಕ್ ಒತ್ತಿದರೆ ಅಂಗಡಿ ತೆರೆದುಕೊಳ್ಳುವುದು ಇನ್‌ಸ್ಟಾಗ್ರಾಂನ ಒಳಗಿನ ಬ್ರೌಸರ್‌ನಲ್ಲಿ. ಸಂಜೆ ಅದೇ ಫೋನಿನ ಕ್ರೋಮ್‌ನಲ್ಲಿ ಹುಡುಕಿಕೊಂಡು ಬಂದರೆ ಅವರು ಮತ್ತೊಬ್ಬ ಹೊಸಬರು. ಮರುದಿನ ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಆರ್ಡರ್ ಮಾಡಿದರೆ ಮೂರನೆಯ ಹೊಸಬರು. ಆಪಲ್ ಕಂಪನಿಯ ಸಫಾರಿ ಬ್ರೌಸರ್ 2019ರಿಂದ ಇಂಥ ಕುಕಿಗಳ ಆಯಸ್ಸನ್ನು ಏಳು ದಿನಕ್ಕೆ ಮಿತಿಗೊಳಿಸಿದೆ. ಐಫೋನ್ ಹಿಡಿದ ಗಿರಾಕಿ ನಮ್ಮ ಕಡೆ ತಲೆ ಹಾಕದೆ ಏಳು ದಿನ ಕಳೆದು ಎಂಟನೆಯ ದಿನ ಬಂದರೆ ಆತ ಹೊಸ ಮುಖ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ನೂರು ಜನ ನಿಜವಾದ ಗಿರಾಕಿಗಳಿದ್ದಾರೆ, ಅವರಲ್ಲಿ ಐಫೋನ್ ಇರುವ ನಲವತ್ತು ಜನ ಮೂರು ತಿಂಗಳ ನಂತರ ಎರಡನೆಯ ಬಾಟಲಿ ಕೊಳ್ಳಲು ಬಂದರು ಎಂದಿಟ್ಟುಕೊಳ್ಳೋಣ. ಲಾಗಿನ್ ವ್ಯವಸ್ಥೆ ಇಲ್ಲದಿದ್ದರೆ ಜಿಎ4 ನೂರ ನಲವತ್ತು ಹೊಸ ಬಳಕೆದಾರರನ್ನು ತೋರಿಸುತ್ತದೆ, ಮರಳಿ ಬಂದವರ ಕಡೆ ಸೊನ್ನೆ ತೋರಿಸುತ್ತದೆ. ಒಂದೇ ದೋಷ ಬೆಳವಣಿಗೆಯನ್ನು ಉಬ್ಬಿಸುತ್ತದೆ, ಉಳಿಕೆಯನ್ನು, ಅಂದರೆ ಒಮ್ಮೆ ಕೊಂಡವರು ಮತ್ತೆ ಬರುವ ಪ್ರಮಾಣವನ್ನು, ಕುಗ್ಗಿಸುತ್ತದೆ. ಹೂಡಿಕೆದಾರರ ಮುಂದೆ ಮೊದಲನೆಯ ಅಂಕಿಯನ್ನು ಹೆಮ್ಮೆಯಿಂದ ಇಟ್ಟು ಎರಡನೆಯದಕ್ಕೆ ತಲೆ ತಗ್ಗಿಸುವ ಎಷ್ಟೋ ಸಂಸ್ಥಾಪಕರಿಗೆ ಅವೆರಡೂ ಒಂದೇ ತಪ್ಪಿನ ಎರಡು ಮುಖಗಳು ಎಂಬುದು ಹೊಳೆಯುವುದಿಲ್ಲ.

ಹಾಗಾದರೆ ಬೆಳವಣಿಗೆಗೆ ಇದು ಒಳ್ಳೆಯ ಉತ್ತರ ಎಂದು ಏಕೆ ಹೇಳಿದೆ? ಎಷ್ಟು ಜನ ಬಂದರು ಎಂಬುದರಲ್ಲಿ ಅಲ್ಲ, ಎಲ್ಲಿಂದ ಬಂದರು ಎಂಬುದರಲ್ಲಿ ಇದರ ಶಕ್ತಿ ಇದೆ. ಹೋದ ವಾರಕ್ಕಿಂತ ಈ ವಾರ ಹುಡುಕಾಟದಿಂದ ಬಂದವರು ಹೆಚ್ಚೋ ಕಡಿಮೆಯೋ, ಯಾವ ಊರಿನಿಂದ ಬಂದವರು ಬುಟ್ಟಿ ತುಂಬಿಸಿದರು, ಯಾವ ಜಾಹೀರಾತಿನಿಂದ ಬಂದವರು ಮೊದಲ ಪುಟದಿಂದಲೇ ಹಿಂತಿರುಗಿದರು ಎಂಬುದೆಲ್ಲ ಅದರಲ್ಲಿ ಸ್ಪಷ್ಟ. ದೋಷ ಎಲ್ಲ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೆ ವಾರ ವಾರದ ಹೋಲಿಕೆ ನಂಬಲರ್ಹವಾಗಿಯೇ ಉಳಿಯುತ್ತದೆ. ಇಲ್ಲಿ ಎರಡು ಮನೆಗೆಲಸಗಳನ್ನು ಮಾತ್ರ ತಪ್ಪಿಸುವಂತಿಲ್ಲ. ವಾಟ್ಸ್‌ಆಪ್‌ನಲ್ಲಿ ಹಂಚಿಕೊಂಡ ಲಿಂಕ್‌ನಿಂದ ಬಂದವರು ಬಹುಪಾಲು ನೇರವಾಗಿ ಬಂದವರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ, ಆದ್ದರಿಂದ ವಾಟ್ಸ್‌ಆಪ್‌ಗೆ ಕಳಿಸುವ ಪ್ರತಿ ಲಿಂಕ್‌ಗೂ ಯುಟಿಎಂ ಬಾಲ ಕಟ್ಟಬೇಕು. ಆ ಬಾಲದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೆರೆತರೆ ಒಂದೇ ಮೂಲ ಎರಡು ಸಾಲುಗಳಾಗಿ ಒಡೆಯುತ್ತದೆ. ಇನ್ನೊಂದು, ಹಣ ಪಾವತಿಯ ಪುಟಕ್ಕೆ ಹೋಗಿ ಮರಳುವ ಗಿರಾಕಿ ಆ ಪಾವತಿ ಸಂಸ್ಥೆಯ ಕಡೆಯಿಂದಲೇ ಬಂದವನಂತೆ ದಾಖಲಾಗುವುದನ್ನು ತಡೆಯಲು, ಅದರ ಹೆಸರನ್ನು ಬೇಡದ ಉಲ್ಲೇಖಗಳ ಪಟ್ಟಿಗೆ ಸೇರಿಸಬೇಕು. ಸೇರಿಸದಿದ್ದರೆ ನಿಮ್ಮ ಅತ್ಯುತ್ತಮ ಮಾರಾಟಗಾರ ನಿಮ್ಮ ಪಾವತಿ ಸಂಸ್ಥೆಯೇ ಎಂದು ವರದಿ ಹೇಳುತ್ತದೆ.

ಯುಪಿಐ ಇರುವ ನಾಡಿನಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಫೋನಿನಲ್ಲಿ ಆರ್ಡರ್ ಮಾಡಿದವರು ಹಣ ಕೊಡಲು ಬೇರೆ ಆಪ್‌ಗೆ ಹೋಗುತ್ತಾರೆ, ಹಣ ಹೋದ ಸದ್ದು ಕೇಳಿದ ಕೂಡಲೇ ಫೋನನ್ನು ಜೇಬಿಗೆ ಹಾಕುತ್ತಾರೆ. ಬ್ರೌಸರ್‌ಗೆ ಮರಳಿ ಧನ್ಯವಾದದ ಪುಟವನ್ನು ನೋಡುವ ಸೌಜನ್ಯವನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಖರೀದಿಯ ಈವೆಂಟ್ ಆ ಪುಟದಲ್ಲಿದ್ದರೆ ಆ ಮಾರಾಟ ಜಿಎ4ರ ಪಾಲಿಗೆ ನಡೆದೇ ಇಲ್ಲ. ಇದಕ್ಕೆ ಮದ್ದು ಮೆಷರ್‌ಮೆಂಟ್ ಪ್ರೊಟೊಕಾಲ್ ಎಂಬ ದಾರಿ: ಹಣ ಬಂದ ಖಾತರಿ ನಮ್ಮ ಸರ್ವರ್‌ಗೆ ತಲುಪಿದಾಗ ಅಲ್ಲಿಂದಲೇ ಈವೆಂಟ್ ಕಳಿಸುವುದು. ಅದಕ್ಕೆ ಬ್ರೌಸರ್‌ನಲ್ಲಿದ್ದ ಗುರುತಿನ ಸಂಖ್ಯೆಯನ್ನು ಆರ್ಡರ್ ಜೊತೆಗೇ ಮೊದಲೇ ಉಳಿಸಿಟ್ಟುಕೊಂಡಿರಬೇಕು. ಇದು ತಾಂತ್ರಿಕ ಕೆಲಸ, ಅಂಗಡಿ ನಡೆಸುವವರೇ ಮಾಡಿಕೊಳ್ಳುವಂಥದ್ದಲ್ಲ. ಇದರ ವಿರುದ್ಧ ದಿಕ್ಕಿನ ತಪ್ಪನ್ನು ನಾನೇ ಮಾಡಿದ್ದೇನೆ: ಖರೀದಿಯ ಈವೆಂಟ್‌ಗೆ ಆರ್ಡರ್ ಸಂಖ್ಯೆ ಸೇರಿಸುವುದನ್ನು ಮರೆತಿದ್ದರಿಂದ, ಧನ್ಯವಾದದ ಪುಟವನ್ನು ಯಾರಾದರೂ ಮತ್ತೆ ತೆರೆದಾಗಲೆಲ್ಲ ಒಂದು ಮಾರಾಟ ಎರಡಾಗುತ್ತಿತ್ತು. ಮಾರಾಟ ಏರಿದೆ ಎಂದು ನಾವು ಸಂತೋಷಪಟ್ಟ ಆ ವಾರ ಪ್ಯಾಕಿಂಗ್ ಮೇಜಿನವರು ಮಾತ್ರ ಏಕೆ ಅಷ್ಟು ನಿರಾಳವಾಗಿದ್ದರು ಎಂಬುದು ತಡವಾಗಿ ತಿಳಿಯಿತು. ಆರ್ಡರ್ ಸಂಖ್ಯೆ ಕೊಟ್ಟರೆ ಇಂಥ ಇಮ್ಮಡಿ ಎಣಿಕೆಯನ್ನು ಜಿಎ4 ತಾನೇ ಕಳೆಯುತ್ತದೆ.

ಎರಡನೆಯ ಪ್ರಶ್ನೆ ಒಡನಾಟದ್ದು, ಎಲ್ಲರ ಬಾಯಲ್ಲಿ ಎಂಗೇಜ್‌ಮೆಂಟ್ ಆಗಿರುವುದು. ಭೇಟಿ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ನಡೆದರೆ, ಅಥವಾ ಎರಡು ಪುಟ ತೆರೆದರೆ, ಅಥವಾ ನಾವು ಮುಖ್ಯವೆಂದು ಗುರುತಿಸಿದ ಈವೆಂಟ್ ಒಂದು ಘಟಿಸಿದರೆ ಅದನ್ನು ಒಡನಾಟದ ಸೆಷನ್ ಎಂದು ಜಿಎ4 ಎಣಿಸುತ್ತದೆ. ಹತ್ತು ಸೆಕೆಂಡನ್ನು ಅರವತ್ತರವರೆಗೆ ಏರಿಸುವ ಅವಕಾಶವಿದೆ, ಆದರೆ ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ಮಲೆನಾಡಿನ ಮೂಲೆಯಲ್ಲಿ ನೆಟ್‌ವರ್ಕ್ ಕುಂಟುತ್ತಿರುವಾಗ ಚಿತ್ರ ಮೂಡಲೆಂದು ಕಾಯುವುದಕ್ಕೇ ಹತ್ತು ಸೆಕೆಂಡು ಸಾಲದು. ಆ ಕಾಯುವಿಕೆಯೂ ಒಡನಾಟವೆಂದೇ ದಾಖಲಾಗಬಹುದು. ಪುಟ ಕಣ್ಣೆದುರಿಗೆ ಇದ್ದ ಸಮಯವನ್ನು ಮಾತ್ರ ಎಣಿಸುವ ಸರಾಸರಿ ಸಮಯದ ಅಂಕಿ ಇದಕ್ಕಿಂತ ಉಪಯುಕ್ತ. ಬುಟ್ಟಿಯಿಂದ ಪಾವತಿಯವರೆಗಿನ ಹಂತಗಳಲ್ಲಿ ಎಲ್ಲಿ ಎಷ್ಟು ಜನ ಕಳಚಿಕೊಂಡರು ಎಂದು ತೋರಿಸುವ ಫನಲ್ ವರದಿ ಇನ್ನೂ ಉಪಯುಕ್ತ. ಈ ಇಡೀ ಸೇವೆಯಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಹತ್ತು ಹಂತಗಳವರೆಗೆ ಜೋಡಿಸಬಹುದು. ಪಿನ್‌ಕೋಡ್ ಬರೆಯುವ ಹಂತದಲ್ಲಿ ಜನ ಹಿಂದೆ ಸರಿಯುತ್ತಿದ್ದಾರೆ ಎಂಬುದು ಅಲ್ಲಿ ಕಂಡ ಮೇಲೆ, ಅಂಚೆ ವೆಚ್ಚವನ್ನು ಕೊನೆಯಲ್ಲಿ ಅಚ್ಚರಿಯಂತೆ ತೋರಿಸುವ ಬದಲು ಬಾಟಲಿಯ ಪುಟದಲ್ಲೇ ಬರೆದೆವು.

ನಡುವೆ ಕನ್ನಡದ ಒಂದು ಮಾತು. ಅಂಗಡಿಯೊಳಗಿನ ಹುಡುಕು ಪೆಟ್ಟಿಗೆಯಲ್ಲಿ ಜನ ಏನು ಬರೆಯುತ್ತಾರೆ ಎಂಬುದು ಒಡನಾಟದ ಅತ್ಯಂತ ಪ್ರಾಮಾಣಿಕ ಸಾಕ್ಷ್ಯ. ಆದರೆ ಅಪ್ಪೆಮಿಡಿಯನ್ನು ಕೆಲವರು ಕನ್ನಡ ಲಿಪಿಯಲ್ಲಿ, ಹಲವರು ಇಂಗ್ಲಿಷ್ ಲಿಪಿಯಲ್ಲಿ ನಾನಾ ಕಾಗುಣಿತದೊಂದಿಗೆ ಬರೆಯುತ್ತಾರೆ. ಕನ್ನಡದಲ್ಲೇ ಬರೆದರೂ ‘ಕೋಕಂ’ನ ಮೊದಲ ಅಕ್ಷರದ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಬಿಡಿ ಭಾಗಗಳನ್ನು ಜೋಡಿಸಿಯೂ ಇಡಬಹುದು, ಕಣ್ಣಿಗೆ ಎರಡೂ ಒಂದೇ, ಎಣಿಸುವ ಯಂತ್ರಕ್ಕೆ ಎರಡು ಬೇರೆ ಪದಗಳು. ಆದ್ದರಿಂದ ಪದವನ್ನು ಜಿಎ4ಗೆ ಕಳಿಸುವ ಮುನ್ನವೇ ಒಂದು ರೂಪಕ್ಕೆ ತರುವ ಸಣ್ಣ ಕೋಡ್ ಬರೆಸಿಕೊಳ್ಳಬೇಕು. ಕನ್ನಡದಲ್ಲಿ ಹುಡುಕುವವರೇ ಇಲ್ಲ ಎಂದು ತೀರ್ಮಾನಿಸುವ ಮೊದಲು ಅವರು ಹತ್ತು ಸಾಲುಗಳಲ್ಲಿ ಚದುರಿ ಹೋಗಿದ್ದಾರೆಯೆ ಎಂದು ನೋಡುವುದು ನ್ಯಾಯ.

ಒಡನಾಟದ ವರದಿಯಲ್ಲಿ ದಿನದ ಬಳಕೆದಾರರನ್ನು ತಿಂಗಳ ಬಳಕೆದಾರರಿಂದ ಭಾಗಿಸುವ ಅನುಪಾತವೂ ಇದೆ. ಸ್ಟಾರ್ಟಪ್‌ಗಳ ಲೋಕದಲ್ಲಿ ಇದಕ್ಕೆ ಅಂಟಿಕೊಳ್ಳುವ ಗುಣ ಎಂಬರ್ಥದ ಹೆಸರು. ಇದು ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ ಬೆಂಗಳೂರಿನ ಉದಾಹರಣೆಯೇ ಇದೆ. 2020ರಲ್ಲಿ ಮೊದಲು ಕನ್ನಡದಲ್ಲಿ ಆರಂಭವಾದ ಕೂ ಎಂಬ ಸಾಮಾಜಿಕ ಜಾಲತಾಣ 2022ರ ನವೆಂಬರ್‌ನಲ್ಲಿ 5 ಕೋಟಿ ಡೌನ್‌ಲೋಡ್ ದಾಟಿದೆ ಎಂದು ಪ್ರಕಟಿಸಿತು. 2024ರ ಜುಲೈನಲ್ಲಿ ಅದನ್ನು ಮುಚ್ಚುವಾಗ ಸ್ಥಾಪಕರು ಹೇಳಿದ ಪ್ರಕಾರ, ಉತ್ತುಂಗದ ದಿನಗಳಲ್ಲಿ ಅದರ ದಿನದ ಬಳಕೆದಾರರು ಸುಮಾರು 21 ಲಕ್ಷ, ತಿಂಗಳ ಬಳಕೆದಾರರು ಸುಮಾರು 1 ಕೋಟಿ. ಅನುಪಾತ ನೂರಕ್ಕೆ 21. ಅಂದರೆ ತಿಂಗಳಲ್ಲಿ ಒಮ್ಮೆಯಾದರೂ ಬಂದವರು ಸರಾಸರಿ ಆರು ದಿನಗಳಿಗಿಂತ ತುಸು ಹೆಚ್ಚು ದಿನ ಬಂದಿದ್ದರು. ದಿನಕ್ಕೆ ಹತ್ತು ಸಲ ಇಣುಕಿ ನೋಡುವ ಅಭ್ಯಾಸವನ್ನೇ ನೆಚ್ಚಿದ ವ್ಯವಹಾರಕ್ಕೆ ಡೌನ್‌ಲೋಡ್ ಸಂಖ್ಯೆಗಿಂತ ಈ ಅನುಪಾತ ಎಷ್ಟೋ ಹೆಚ್ಚು ಹೇಳುತ್ತದೆ. ಕೂ ಮುಚ್ಚಿದ್ದಕ್ಕೆ ಬಂಡವಾಳದ ಕೊರತೆ, ಕೈಗೂಡದ ಮಾರಾಟದ ಮಾತುಕತೆಗಳಂಥ ಬೇರೆ ಕಾರಣಗಳೂ ಇದ್ದವು, ಅದು ಬೇರೆ ವಿಚಾರ. ಇದೇ ಅನುಪಾತವನ್ನು ಉಪ್ಪಿನಕಾಯಿ ಅಂಗಡಿಗೆ ಹಚ್ಚಿದರೆ ಅದು ನಗೆಪಾಟಲು. ತಿಂಗಳಲ್ಲಿ ಆರು ದಿನ ಉಪ್ಪಿನಕಾಯಿ ಅಂಗಡಿಗೆ ಬರುವ ಗಿರಾಕಿ ನಿಷ್ಠಾವಂತನಲ್ಲ. ಬಹುಶಃ ಅವನ ಪಾರ್ಸೆಲ್ ಇನ್ನೂ ತಲುಪಿಲ್ಲ.

ಇಲ್ಲಿಂದ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಉಳಿಕೆ ಎಂಬುದು ಸ್ಟಾರ್ಟಪ್‌ಗಳು ಹುಟ್ಟಿಸಿದ ಕಲ್ಪನೆಯೇನೂ ಅಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ಹಾಲಿನವರೊಂದಿಗೆ ‘ವರ್ತನೆ’ ಇಟ್ಟುಕೊಳ್ಳುತ್ತಿದ್ದರು: ದಿನಕ್ಕೆ ಇಷ್ಟು ಪಾವು, ತಿಂಗಳ ಕೊನೆಗೆ ಲೆಕ್ಕ. ವರ್ತನೆಯ ಮನೆ ಬಿಟ್ಟುಹೋಯಿತೆಂಬುದು ಹಾಲಿನಾಕೆಗೆ ಮಾರನೆಯ ಬೆಳಿಗ್ಗೆಯೇ ತಿಳಿಯುತ್ತಿತ್ತು, ಏಕೆಂದರೆ ಹಾಲಿನ ಅವಧಿ ಒಂದು ದಿನ. ಕಿರಾಣಿ ಅಂಗಡಿಯವರಿಗೆ ಅದು ತಿಂಗಳಿಗೆ ತಿಳಿಯುತ್ತದೆ. ಬಟ್ಟೆ ಅಂಗಡಿಯವರು ದೀಪಾವಳಿಯವರೆಗೆ ಕಾಯಬೇಕು. ಉಳಿಕೆಯನ್ನು ಅಳೆಯುವ ಮೊದಲು ಸರಕು ಎಷ್ಟು ದಿನಕ್ಕೆ ಮುಗಿಯುತ್ತದೆ ಎಂಬುದು ಗೊತ್ತಿರಬೇಕು, ಮತ್ತು ಆ ಅವಧಿಯನ್ನು ಅಂಗಡಿಯವರೇ ಹೇಳಬೇಕು, ಸಾಧನ ಹೇಳಲಾರದು. ಜಿಎ4ರ ಸಿದ್ಧ ಉಳಿಕೆ ವರದಿ ಹೊಸ ಬಳಕೆದಾರರನ್ನು ಮೊದಲ 42 ದಿನಗಳವರೆಗೆ ಹಿಂಬಾಲಿಸುತ್ತದೆ. ಆಟದ ಆಪ್‌ಗೆ, ಸುದ್ದಿ ತಾಣಕ್ಕೆ 42 ದಿನ ಧಾರಾಳವಾಯಿತು. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಮಿಡಿ ಉಪ್ಪಿನಕಾಯಿ 42 ದಿನಕ್ಕೆ ಅರ್ಧವೂ ಮುಗಿದಿರುವುದಿಲ್ಲ. ಬಾಟಲಿಯಲ್ಲಿ ಇನ್ನೂ ಮಿಡಿ ಇರುವ ಗಿರಾಕಿಯನ್ನು ಕಳೆದುಹೋದವನೆಂದು ವರದಿ ಬರೆಯುತ್ತದೆ. ಮುಂದಿನ ಏಳು ದಿನಗಳಲ್ಲಿ ಗಿರಾಕಿ ದೂರವಾಗುವ ಸಂಭವ ಎಷ್ಟು ಎಂದು ಊಹಿಸುವ ಸೌಲಭ್ಯವೂ ಇದರಲ್ಲಿದೆ, ಆದರೆ ಅದಕ್ಕೆ ಕನಿಷ್ಠ ಸಾವಿರ ಜನ ದೂರವಾದವರ, ಸಾವಿರ ಜನ ದೂರವಾಗದವರ ನಡವಳಿಕೆ ಇತ್ತೀಚಿನ ದಾಖಲೆಯಲ್ಲಿರಬೇಕು. ಸಣ್ಣ ಅಂಗಡಿಗೆ ಅದು ತೆರೆದುಕೊಳ್ಳುವುದೇ ಇಲ್ಲ, ತೆರೆದುಕೊಂಡರೂ ಏಳು ದಿನದ ಭವಿಷ್ಯ ನಮಗೆ ಬೇಡ.

ಸಿದ್ಧ ವರದಿ ಬೇಡವಾದರೆ ಕೋಹಾರ್ಟ್ ಎಂಬ ಶೋಧನೆ, ಅಂದರೆ ನಾವೇ ಕಟ್ಟಿಕೊಳ್ಳುವ ವರದಿ, ಇದೆ. ಒಂದೇ ಅವಧಿಯಲ್ಲಿ ಬಂದವರನ್ನು ಒಂದು ಗುಂಪು ಮಾಡಿ, ಆ ಗುಂಪಿನಲ್ಲಿ ಎಷ್ಟು ಜನ ಮುಂದಿನ ಯಾವ ಅವಧಿಯಲ್ಲಿ ಮರಳಿದರು ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕೋಷ್ಟಕ ಅದು. ಗುಂಪಿಗೆ ಸೇರುವ ಅರ್ಹತೆ ಒಂದು ಖರೀದಿ, ಮರಳಿದ್ದಕ್ಕೆ ಗುರುತು ಮತ್ತೊಂದು ಖರೀದಿ ಎಂದು ನಾವೇ ನಿಗದಿಪಡಿಸಬಹುದು. ಬರೀ ಇಣುಕಿ ಹೋದವರನ್ನು ಮರಳಿದವರೆಂದು ಎಣಿಸುವ ಅವಮಾನ ಇದರಿಂದ ತಪ್ಪುತ್ತದೆ. ಪ್ರತಿ ಅವಧಿಯನ್ನು ಬಿಡಿಯಾಗಿ ನೋಡುವ, ಎಲ್ಲ ಅವಧಿಗಳಲ್ಲೂ ತಪ್ಪದೆ ಬಂದವರನ್ನು ಮಾತ್ರ ಎಣಿಸುವ, ಯಾವುದಾದರೂ ಒಂದರಲ್ಲಿ ಬಂದರೂ ಎಣಿಸುವ ಮೂರು ಬಗೆಯ ಲೆಕ್ಕಗಳಿವೆ. ನಮ್ಮಂಥವರಿಗೆ ಎರಡನೆಯದು ಕ್ರೂರ. ತೊಂದರೆ ಇರುವುದು ಅವಧಿಯ ಆಯ್ಕೆಯಲ್ಲಿ: ದಿನ, ವಾರ, ತಿಂಗಳು, ಅಷ್ಟೆ. ಮೂರು ತಿಂಗಳನ್ನು ಒಂದು ಹೆಜ್ಜೆಯಾಗಿ ಇಡಲು ಬರುವುದಿಲ್ಲ. ಕಾಲು ಕಿಲೋ ಕೊಂಡವರನ್ನೂ ಒಂದು ಕಿಲೋ ಕೊಂಡವರನ್ನೂ ಬೇರೆ ಬೇರೆ ಗುಂಪು ಮಾಡಿ ನೋಡಬಹುದು, ಮೊದಲೇ ಆ ವಿವರ ಕಳಿಸಿದ್ದರ ಫಲ ಅದು. ಆದರೆ ಇಬ್ಬರಿಗೂ ಹೆಜ್ಜೆ ಒಂದೇ.

ಅದಕ್ಕಿಂತ ಬಿಗಿಯಾದ ಮಿತಿ ಮಾಹಿತಿಯನ್ನು ಉಳಿಸಿಕೊಳ್ಳುವ ಕಾಲದ್ದು. ಶೋಧನೆಗಳಿಗೆ ಬೇಕಾದ ಬಿಡಿ ಬಿಡಿ ಮಾಹಿತಿಯನ್ನು ಜಿಎ4 ತಾನಾಗಿ ಉಳಿಸಿಕೊಳ್ಳುವುದು ಎರಡು ತಿಂಗಳು ಮಾತ್ರ. ಸೆಟ್ಟಿಂಗ್ ಬದಲಿಸಿದರೆ 14 ತಿಂಗಳು. ಅದನ್ನು ಬದಲಿಸುವುದು ಖಾತೆ ತೆರೆದ ದಿನವೇ ಮಾಡಬೇಕಾದ ಕೆಲಸ, ಅಳಿಸಿಹೋದದ್ದು ಮತ್ತೆ ಬಾರದು. 14 ತಿಂಗಳು ಕೇಳಲು ಹೆಚ್ಚೆನಿಸಿದರೂ ಋತುವಿನ ವ್ಯಾಪಾರಕ್ಕೆ ಸಾಲದು. ಮಿಡಿ ಕೊಯ್ಯುವುದು ಬೇಸಿಗೆಯ ಮೊದಲ ಭಾಗದಲ್ಲಿ, ಹೊಸ ಉಪ್ಪಿನಕಾಯಿ ಮಾರಾಟಕ್ಕೆ ಬರುವುದು ಅದರ ಬೆನ್ನಿಗೆ. ಹೋದ ವರ್ಷದ ಹಂಗಾಮಿನಲ್ಲಿ ಕೊಂಡವರಲ್ಲಿ ಎಷ್ಟು ಜನ ಈ ವರ್ಷ ಕೊಂಡರು ಎಂಬುದೇ ನಮ್ಮ ನಿಜವಾದ ಉಳಿಕೆ. ಈ ವರ್ಷದ ಹಂಗಾಮು ಮುಗಿದು ಕೂತು ಲೆಕ್ಕ ಹಾಕುವ ಹೊತ್ತಿಗೆ ಹೋದ ವರ್ಷದ ಹಂಗಾಮಿನ ಮೊದಲ ವಾರಗಳು ಅಳಿಸಿಹೋಗಿರುತ್ತವೆ. ಎರಡು ವರ್ಷದ ಹಿಂದಿನವರನ್ನು ಕೇಳುವುದೇ ಬೇಡ.

ಆದ್ದರಿಂದ ಉಳಿಕೆಯ ಲೆಕ್ಕವನ್ನು ನಾವು ಜಿಎ4ರಿಂದ ತೆಗೆದು ಆರ್ಡರ್ ಪುಸ್ತಕಕ್ಕೆ, ಅಂದರೆ ಒಂದು ಎಕ್ಸೆಲ್ ಹಾಳೆಗೆ, ವರ್ಗಾಯಿಸಿದೆವು. ಪ್ರತಿ ಆರ್ಡರ್‌ಗೂ ಗಿರಾಕಿಯ ಮೊಬೈಲ್ ಸಂಖ್ಯೆ ಇದ್ದೇ ಇರುತ್ತದೆ. ಅದು ಕುಕಿಯಂತೆ ಏಳು ದಿನಕ್ಕೆ ಸಾಯುವುದಿಲ್ಲ. ಒಂದೇ ಸಂಖ್ಯೆಯ ಮೊದಲ ಆರ್ಡರ್ ಯಾವ ಹಂಗಾಮಿನದು, ಕೊಂಡ ಬಾಟಲಿಯ ಅಳತೆಗೆ ತಕ್ಕ ಅವಧಿ ಮುಗಿದ ಮೇಲೆ ಮತ್ತೊಂದು ಆರ್ಡರ್ ಬಂತೇ ಎಂದು ನೋಡುವುದಕ್ಕೆ ದೊಡ್ಡ ಗಣಿತ ಬೇಡ. ಅವಧಿಯನ್ನು ಊಹಿಸಲೂ ಬೇಕಿಲ್ಲ: ಎರಡು ಸಲ ಕೊಂಡವರ ಎರಡು ಆರ್ಡರ್‌ಗಳ ನಡುವಿನ ದಿನಗಳನ್ನು ಸಾಲಾಗಿ ಜೋಡಿಸಿ ನಡುವಿನ ಸಂಖ್ಯೆಯನ್ನು ಹಿಡಿದರೆ ಸಾಕು. ಸರಾಸರಿಯನ್ನು ಹಿಡಿಯಬಾರದು, ಮದುವೆಗೆಂದು ಒಮ್ಮೆಗೇ ಇಪ್ಪತ್ತು ಬಾಟಲಿ ಕೊಂಡ ಮನೆಯೊಂದು ಸರಾಸರಿಯನ್ನು ಎಲ್ಲಿಗೋ ಎಳೆದೊಯ್ಯುತ್ತದೆ. ವಾಟ್ಸ್‌ಆಪ್‌ನಲ್ಲಿ ‘ಅಣ್ಣಾ, ಹೋದ ಸಲದ್ದೇ ಎರಡು ಕಳಿಸಿ’ ಎಂದು ಬರೆದು ಹಣ ಹಾಕುವವರು ಈ ಹಾಳೆಯಲ್ಲಿ ಸೇರುತ್ತಾರೆ, ಜಿಎ4ರಲ್ಲಿ ಎಂದೂ ಸೇರುವುದಿಲ್ಲ, ಮತ್ತು ಅತ್ಯಂತ ನಿಷ್ಠಾವಂತರು ಇವರೇ. ಪಾರ್ಸೆಲ್ ಬಂದಾಗ ಹಣ ಕೊಡುತ್ತೇನೆಂದು ಆರ್ಡರ್ ಮಾಡಿ ಬಾಗಿಲಲ್ಲೇ ಹಿಂತಿರುಗಿಸಿದವರು ಹಾಳೆಯಿಂದ ಕಳೆಯಲ್ಪಡುತ್ತಾರೆ; ಜಿಎ4ರಲ್ಲಿ ರೀಫಂಡ್ ಈವೆಂಟ್ ಅನ್ನು ನಾವಾಗಿ ಕಳಿಸದಿದ್ದರೆ ಅವರು ಸಂತೃಪ್ತ ಗಿರಾಕಿಗಳಾಗಿಯೇ ಉಳಿಯುತ್ತಾರೆ.

ಹಾಳೆಗೂ ತನ್ನ ಕುರುಡುತನವಿದೆ. ಬೆಂಗಳೂರಿನಲ್ಲಿರುವ ಮಗ ತನ್ನ ಸಂಖ್ಯೆಯಿಂದ ಆರ್ಡರ್ ಮಾಡಿ ಹುಬ್ಬಳ್ಳಿಯ ತಾಯಿಯ ಮನೆಗೆ ಕಳಿಸಿದರೆ, ಮುಂದಿನ ಸಲ ತಾಯಿಯೇ ತಮ್ಮ ಸಂಖ್ಯೆಯಿಂದ ತರಿಸಿಕೊಂಡರೆ, ಅಲ್ಲಿಯೂ ಒಬ್ಬ ಕಳೆದುಹೋದ, ಒಬ್ಬರು ಹೊಸದಾಗಿ ಬಂದರು. ವಿಳಾಸ ನೋಡಿ ಇಂಥವನ್ನು ಕೈಯಿಂದ ಜೋಡಿಸುತ್ತೇವೆ. ಸಾವಿರಾರು ಆರ್ಡರ್‌ಗಳವರೆಗೆ ಇದು ನಡೆಯುತ್ತದೆ, ಲಕ್ಷಗಳಲ್ಲಿ ನಡೆಯದು.

ಲಾಗಿನ್ ಇರುವ ಅಂಗಡಿಗಳು ಯೂಸರ್ ಐಡಿ ಎಂಬ ಸೌಲಭ್ಯದಿಂದ ಬೇರೆ ಬೇರೆ ಬ್ರೌಸರ್‌ಗಳಲ್ಲಿ ಚದುರಿದ ಒಬ್ಬ ಗಿರಾಕಿಯನ್ನು ಜಿಎ4ರಲ್ಲೇ ಒಂದುಗೂಡಿಸಬಹುದು. ಮೇಲೆ ಹೇಳಿದ ದೋಷದ ದೊಡ್ಡ ಪಾಲು ಅದರಿಂದ ಕಡಿಮೆಯಾಗುತ್ತದೆ. ಆದರೆ ಮೊಬೈಲ್ ಸಂಖ್ಯೆಯನ್ನಾಗಲಿ ಇಮೇಲ್ ಅನ್ನಾಗಲಿ ಐಡಿಯಾಗಿ ಕಳಿಸುವುದನ್ನು ಗೂಗಲ್‌ನ ನಿಯಮಗಳೇ ನಿಷೇಧಿಸುತ್ತವೆ, ಅದು ಸರಿಯೂ ಹೌದು. ಅರ್ಥವಿಲ್ಲದ ಒಂದು ಗುರುತು ಸಂಖ್ಯೆಯನ್ನು ನಾವೇ ಸೃಷ್ಟಿಸಿ ಕಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಗಿರಾಕಿಯ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದೆವು ಎಂಬ ಪ್ರಶ್ನೆ ಉಪ್ಪಿನಕಾಯಿ ಅಂಗಡಿಯ ಹಾಳೆಗೂ ಅನ್ವಯಿಸುತ್ತದೆ ಎಂಬುದನ್ನು ಸಣ್ಣವರು ಮರೆಯಬಾರದು.

14 ತಿಂಗಳ ಮಿತಿಯನ್ನು ದಾಟುವ ಅಧಿಕೃತ ದಾರಿ ಬಿಗ್‌ಕ್ವೆರಿ ಎಂಬ ಗೂಗಲ್‌ನದೇ ಮಾಹಿತಿ ಕಣಜ. ಮೊದಲು ಹಣ ಕೊಡುವ ದೊಡ್ಡ ಗಿರಾಕಿಗಳಿಗಷ್ಟೇ ಇದ್ದ ಈ ಸೌಲಭ್ಯವನ್ನು ಜಿಎ4 ಎಲ್ಲರಿಗೂ ಕೊಟ್ಟಿತು, ಮತ್ತು ಅದರ ಅತ್ಯಂತ ಉದಾರವಾದ ಭಾಗವೂ ಇದೇ. ದಿನಕ್ಕೆ ಹತ್ತು ಲಕ್ಷ ಈವೆಂಟ್‌ಗಳವರೆಗೆ ಪ್ರತಿಯೊಂದು ಬಿಡಿ ದಾಖಲೆಯೂ ನಮ್ಮದೇ ಕಣಜಕ್ಕೆ ಬಂದು ಬೀಳುತ್ತದೆ. ಅಲ್ಲಿ ಮೂರು ತಿಂಗಳ ಹೆಜ್ಜೆಯನ್ನೂ ಇಡಬಹುದು, ಹಂಗಾಮಿನಿಂದ ಹಂಗಾಮಿಗೂ ಅಳೆಯಬಹುದು. ಆದರೆ ಜೋಡಿಸಿದ ದಿನದಿಂದ ಮುಂದಿನದು ಮಾತ್ರ ಬರುತ್ತದೆ, ಹಿಂದಿನದು ಬರುವುದಿಲ್ಲ. ಕಾರ್ಡ್ ವಿವರ ಕೊಡದೆ ಸ್ಯಾಂಡ್‌ಬಾಕ್ಸ್ ಎಂಬ ಉಚಿತ ಪ್ರಯೋಗದ ಜಾಗದಲ್ಲಿ ಇಟ್ಟರೆ 60 ದಿನಕ್ಕೆ ಕೋಷ್ಟಕಗಳು ಅಳಿಸಿಹೋಗುತ್ತವೆ. ಮತ್ತು ಆ ಕಣಜದಿಂದ ಉತ್ತರ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಬರೆಯಬಲ್ಲವರೊಬ್ಬರು ಬೇಕು. ಅಂಥವರು ಇದ್ದರೆ ಈ ವಿಮರ್ಶೆಯ ಅರ್ಧ ದೂರುಗಳು ಬಿದ್ದುಹೋಗುತ್ತವೆ.

ಬದಲಿ ಸಾಧನಗಳ ಬಗ್ಗೆ ಕೇಳುವವರಿಗೆ ಎರಡು ಮಾತು. ಆಂಪ್ಲಿಟ್ಯೂಡ್, ಮಿಕ್ಸ್‌ಪ್ಯಾನೆಲ್‌ಗಳು ಹುಟ್ಟಿದ್ದೇ ಬಳಕೆದಾರರ ನಡವಳಿಕೆ ಅಳೆಯಲು. ಆಂಪ್ಲಿಟ್ಯೂಡ್‌ನಲ್ಲಿ ಉಳಿಕೆಯ ಅವಧಿಯನ್ನು ನಮಗೆ ಬೇಕಾದಂತೆ ತುಂಡು ಮಾಡಿಕೊಳ್ಳಬಹುದು, ಈ ಒಂದು ವಿಷಯದಲ್ಲಿ ಅದು ಜಿಎ4ಗಿಂತ ಬಹಳ ಮುಂದಿದೆ. ಬೆಂಗಳೂರಿನ ಮೋಎಂಗೇಜ್, ಮುಂಬೈಯ ಕ್ಲೆವರ್‌ಟ್ಯಾಪ್‌ಗಳು ಅಳೆಯುವುದರ ಜೊತೆಗೆ ಸಂದೇಶ ಕಳಿಸಿ ಮರಳಿ ಕರೆಯುವ ಕೆಲಸವನ್ನೂ ಮಾಡುತ್ತವೆ. ಆಪ್ ಇರುವ, ದಿನವೂ ಬಳಕೆಯಾಗುವ ಸೇವೆಗಳಿಗೆ ಅವು ಹೊಂದುತ್ತವೆ. ಆಪ್ ಇಲ್ಲದ ಅಂಗಡಿ ಇವುಗಳ ಬೆನ್ನು ಹತ್ತುವ ಮೊದಲು ತನ್ನ ಆರ್ಡರ್ ಹಾಳೆಯನ್ನು ಒಮ್ಮೆ ಪೂರ್ತಿ ಓದಿರಲಿ. ಇನ್ನೊಂದು ಅನುಮಾನವನ್ನೂ ಹೇಳಿಬಿಡಬೇಕು: ಜಾಹೀರಾತು ಮಾರುವ ಕಂಪನಿಯೇ ಆ ಜಾಹೀರಾತಿಗೆ ಅಂಕ ಕೊಡುವ ಸಾಧನವನ್ನೂ ಉಚಿತವಾಗಿ ಕೊಡುವಾಗ, ಮಾರಾಟದ ಶ್ರೇಯಸ್ಸನ್ನು ಯಾವ ಮೂಲಕ್ಕೆ ಎಷ್ಟು ಹಂಚಬೇಕೆಂಬ ಅದರ ಸೂತ್ರವನ್ನು ನಾನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಜಾಹೀರಾತನ್ನು ಎರಡು ವಾರ ನಿಲ್ಲಿಸಿ ಹಾಳೆಯಲ್ಲಿ ಹೊಸ ಮೊಬೈಲ್ ಸಂಖ್ಯೆಗಳು ಎಷ್ಟು ಕಡಿಮೆಯಾದವು ಎಂದು ನೋಡುವ ಹಳೆಯ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಹೀಗಾಗಿ ಸೋಮವಾರದ ಸಭೆಗೆ ಈಗ ಎರಡು ಪುಟಗಳು ಹೋಗುತ್ತವೆ. ಜಿಎ4ರ ಪುಟ ಶುಕ್ರವಾರಕ್ಕೆ ಕೊನೆಯಾಗುತ್ತದೆ, ಏಕೆಂದರೆ ಒಂದು ದಿನದ ಮಾಹಿತಿ ಪಕ್ವವಾಗಲು 24ರಿಂದ 48 ಗಂಟೆ ಬೇಕಾಗಬಹುದು; ಅದರಲ್ಲಿ ಮೂಲಗಳು, ಫನಲ್, ಹುಡುಕಿದ ಪದಗಳು ಇರುತ್ತವೆ. ಹಾಳೆಯ ಪುಟದಲ್ಲಿ, ಅವಧಿ ಮುಗಿದರೂ ಮರಳದ ಗಿರಾಕಿಗಳ ಹೆಸರುಗಳಿರುತ್ತವೆ. ಅವರಲ್ಲಿ ವಾರಕ್ಕೆ ಐದು ಜನರಿಗೆ ನಾವು ಫೋನ್ ಮಾಡುತ್ತೇವೆ. ಉಪ್ಪು ಹೆಚ್ಚಾಯಿತು ಎಂದವರಿದ್ದಾರೆ, ಬಾಟಲಿಯ ಮುಚ್ಚಳದಿಂದ ಎಣ್ಣೆ ಸೋರಿತು ಎಂದವರಿದ್ದಾರೆ, ಡಾಕ್ಟರು ಬೇಡವೆಂದಿದ್ದಾರೆ ಎಂದವರೂ ಇದ್ದಾರೆ. ಹೋದ ತಿಂಗಳು ದಾವಣಗೆರೆಯ ಒಬ್ಬ ತಾಯಿ, ಬಾಟಲಿ ಇನ್ನೂ ಅರ್ಧ ಇದೆ, ಮಗಳು ರಜಕ್ಕೆ ಬಂದಾಗ ಮಾತ್ರ ತೆಗೆಯುವುದು, ಅವಳಿಗೆ ಬೇಕೆಂದೇ ತರಿಸಿದ್ದು ಎಂದರು. ಹಾಳೆಯಲ್ಲಿ ಅವರ ಹೆಸರಿನ ಮುಂದೆ 90 ದಿನ ಎಂದಿದ್ದುದನ್ನು ಒಡೆದು, ಅಕ್ಟೋಬರ್ ಮತ್ತು ಮೇ ಎಂದು ಬರೆದುಕೊಂಡೆವು.